ಕೆಂಪು ಹರಿವೆಯ ಗುರುತು

ಮಂಜು ಮುಸುಕಬಹುದಿತ್ತು. ಚಳಿಗಾಲ ಮುಗಿಯುವ ಹೊತ್ತಿಗೆ ನಮ್ಮ ಕರಾವಳಿಯ ಮೇಲೆ ಬೆಳಗಿನಲ್ಲಿ ಹಾಲು ಉಕ್ಕಿದ ಹಾಗೆ ಅದು ಹಬ್ಬುವುದುಂಟು. ಹೊರಡುವ ಗಳಿಗೆಯಲ್ಲಿ ನಾಲ್ಕು ಎಂಜಿನ್‌ಗಳಲ್ಲಿ ಒಂದು ಮುನಿಸಿಕೊಳ್ಳಬಹುದಿತ್ತು. ಹಾರುವ ದಾರಿ ಬದಲಾಗಿ ನಾವು ತೀರವೇ ಕಾಣದಷ್ಟು ಆಚೆ, ನೀರಿನ ಮೇಲೆ ಹೋಗಬಹುದಿತ್ತು. ನನ್ನ ಜಾಗಕ್ಕೆ ಬೇರೆಯವನ ಹೆಸರು ಬರಬಹುದಿತ್ತು. ಸರಪಳಿಯೊಂದು ಸಡಿಲವಾಗಿ, ನಾನು ಅದನ್ನು ಬಿಗಿಯುತ್ತ ಬಗ್ಗಿದ್ದಾಗಲೇ ಊರು ದಾಟಿಹೋಗಬಹುದಿತ್ತು. ಓದುವ ಕನ್ನಡಕ ಹಾಕಿಕೊಂಡು ದೂರದ ಕನ್ನಡಕವನ್ನು ಚೀಲದಲ್ಲೇ ಬಿಟ್ಟಿರಬಹುದಿತ್ತು. ಶರಾವತಿಯನ್ನು ಅಘನಾಶಿನಿ ಅಂದುಕೊಂಡು, ಯಾರದೋ ಊರನ್ನು ನನ್ನದೆಂದು ಕಣ್ತುಂಬಿಕೊಳ್ಳಬಹುದಿತ್ತು. ಸರಿಯಾಗಿ ಆ ಗಳಿಗೆಗೇ ಸೀನು ಬರಬಹುದಿತ್ತು. ಊರವರೆಲ್ಲ ತಂತಮ್ಮ ಗದ್ದೆಯಲ್ಲೂ ಒಂದೊಂದು ಗುರುತು ಬಿತ್ತಿ, ಯಾವುದು ನಮ್ಮ ಗದ್ದೆ ಎಂದು ತಿಳಿಯದೆ ಹೋಗಬಹುದಿತ್ತು. ಇದಕ್ಕೆಲ್ಲ ಮೊದಲು, ವೈದ್ಯಕೀಯ ಮಂಡಳಿಯವರು ನನ್ನನ್ನು ಇನ್ನು ಹಾರುವುದೇ ಬೇಡವೆಂದು ಮನೆಗೆ ಕಳಿಸಬಹುದಿತ್ತು.

ಇಷ್ಟನ್ನೂ ನಾನು ಮುಂಚಿತವಾಗಿಯೇ ಯೋಚಿಸಿ ಇಟ್ಟುಕೊಂಡಿದ್ದೆ. ಆದದ್ದು ಇದರಲ್ಲಿ ಯಾವುದೂ ಅಲ್ಲ.

ಇದೆಲ್ಲ ಮತ್ತೆ ನೆನಪಾದದ್ದು ಕಳೆದ ವಾರ ತದಡಿಯಲ್ಲಿ. ಅಣ್ಣನ ಜೊತೆ ಮೀನಿಗೆಂದು ಹೋಗಿದ್ದೆ. ಬಂದರಿನ ಮೆಟ್ಟಿಲ ಹತ್ತಿರ ಒಬ್ಬ ದೋಣಿಯ ಎಂಜಿನ್ನಿಗೆ ಸೀಮೆಎಣ್ಣೆ ಹೊಯ್ಯುತ್ತಿದ್ದ. ಗಾಳಿ ಈ ಕಡೆಗೆ ತಿರುಗಿತು. ವಿಮಾನಕ್ಕೆ ಹಾಕುವ ಇಂಧನವೂ ಸೀಮೆಎಣ್ಣೆಯ ದಾಯಾದಿಯೇ. ಮೂಗಿಗೆ ಅವೆರಡರ ನಡುವೆ ಹೆಚ್ಚು ಭೇದ ತಿಳಿಯುವುದಿಲ್ಲ. ನಾನು ಬಂಗಡೆ ಆರಿಸುವುದನ್ನು ಬಿಟ್ಟು ಸುಮ್ಮನೆ ಉಸಿರೆಳೆದುಕೊಳ್ಳುತ್ತ ನಿಂತೆ. ಅಣ್ಣ ಮೀನಿನವಳಿಗೆ, ಇವನಿಗೆ ಮೀನಿಗಿಂತ ಎಣ್ಣೆ ವಾಸನೆಯೇ ಸೇರುತ್ತದೆ, ಅದನ್ನೇ ಒಂದು ಬುಟ್ಟಿ ತುಂಬಿಕೊಡು ಎಂದ.

ವಾಯುಪಡೆಯಲ್ಲಿದ್ದೆ ಎಂದ ಕೂಡಲೇ ಜನ ಪೈಲಟ್ ಎಂದುಕೊಳ್ಳುತ್ತಾರೆ. ಅಲ್ಲ ಎಂದರೆ ಮುಖ ಸ್ವಲ್ಪ ಇಳಿಯುತ್ತದೆ. ದೊಡ್ಡ ಸಾಮಾನು ಸಾಗಿಸುವ ವಿಮಾನಗಳಲ್ಲಿ ನಾನು ಲೋಡ್‌ಮಾಸ್ಟರ್ ಆಗಿದ್ದೆ. ಹೊಟ್ಟೆಯೊಳಗೆ ಜೀಪು, ಅಕ್ಕಿ ಮೂಟೆ, ಔಷಧದ ಪೆಟ್ಟಿಗೆ, ಕೆಲವೊಮ್ಮೆ ಕುರಿಗಳು, ಎಷ್ಟೋ ಸಲ ಮನುಷ್ಯರು. ಯಾವುದರ ಭಾರ ಎಲ್ಲಿ ಕೂರಬೇಕು ಎಂದು ಲೆಕ್ಕ ಹಾಕಿ, ಬಲೆ ಹೊದಿಸಿ, ಸರಪಳಿಯಲ್ಲಿ ಬಿಗಿದು, ಆಮೇಲೆ ಅದು ಬಿಚ್ಚಿಕೊಳ್ಳುತ್ತದೋ ಏನೋ ಎಂದು ಇಡೀ ದಾರಿ ಹೆದರುತ್ತ ಕೂರುವುದು ನನ್ನ ಕೆಲಸ. ಹುಟ್ಟಾ ಹೆದರುಪುಕ್ಕಲನಿಗೆ ಸರಕಾರ ಸಂಬಳ ಕೊಟ್ಟು ಹೆದರಲು ಇಟ್ಟುಕೊಂಡಿದ್ದು ನನ್ನ ಭಾಗ್ಯವೆಂದೇ ಹೇಳಬೇಕು. ಹೆದರದವನು ಈ ಕೆಲಸಕ್ಕೆ ನಾಲಾಯಕ್.

ಆದರೆ ಆ ಹೆದರಿಕೆ ನೆತ್ತರಿಗೂ ಇಳಿದಿತ್ತು. ಒಂದು ವರ್ಷ ದೀಪಾವಳಿಯ ಆಸುಪಾಸಿಗೆ, ವಾರ್ಷಿಕ ತಪಾಸಣೆಯಲ್ಲಿ ನನ್ನ ರಕ್ತದೊತ್ತಡ ನೋಡಿದ ಡಾಕ್ಟರು ಇನ್ನೊಮ್ಮೆ ನೋಡಿದರು, ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ನೋಡಿದರು. ಪ್ರತಿ ಸಲವೂ ಅದು ಹಿಂದಿನದಕ್ಕಿಂತ ಮೇಲೆ ಹೋಯಿತು. ವಿಮಾನ ಏರದಿದ್ದರೂ ಇದು ಏರುತ್ತಿದೆ ಎಂದು ಅವರೇ ನಕ್ಕರು. ಚಳಿಗಾಲ ಮುಗಿಯುವವರೆಗೆ ಹಾರುವಂತಿಲ್ಲ, ಗುಳಿಗೆ ತಿನ್ನಿ, ಊರಿಗೆ ಹೋಗಿ, ವಾರಕ್ಕೊಮ್ಮೆ ಅಲ್ಲಿಯ ಡಾಕ್ಟರ ಹತ್ತಿರ ಒತ್ತಡ ನೋಡಿಸಿ ಬರೆಸಿಕೊಳ್ಳಿ. ಮಂಡಳಿ ಮತ್ತೆ ನೋಡುತ್ತದೆ ಎಂದರು. ಆಗಲೂ ಇಳಿಯದಿದ್ದರೆ? ಕೇಳಿದೆ. ಆಗ ನೆಲದ ಮೇಲೂ ಬೇಕಾದಷ್ಟು ಕೆಲಸವಿದೆಯಲ್ಲ ಎಂದರು. ಮೇಜಿನ ಹಿಂದೆ ಕೂತು ಬೇರೆಯವರ ಹಾರಾಟಕ್ಕೆ ಸರಪಳಿ ಎಣಿಸಿ ಕೊಡುವುದನ್ನು ಊಹಿಸಿಕೊಂಡೆ. ಅವರ ಯಂತ್ರ ಇನ್ನೂ ತೋಳಿನಲ್ಲೇ ಇತ್ತು. ಅವರು ಅದನ್ನು ಬೇಗ ಬಿಚ್ಚಿದರು.

ಹೆಂಡತಿ ಸುಮಾ ಮಗಳ ಶಾಲೆಯ ಕಾರಣಕ್ಕೆ ವಾಯುನೆಲೆಯ ಮನೆಯಲ್ಲೇ ಉಳಿದಳು. ನಾನೊಬ್ಬನೇ ಕುಮಟೆಯ ಹತ್ತಿರದ ನಮ್ಮೂರು ಹೊಳನಗದ್ದೆಗೆ ಬಂದೆ.

ನಮ್ಮ ಮನೆಯಲ್ಲಿ ಆಗ ನಾವು ಆಯಿ ಎಂದು ಕರೆಯುವ ಅಮ್ಮ, ಗಣಪಣ್ಣ, ಅತ್ತಿಗೆ. ಭತ್ತ ಕೊಯ್ದಾಗಿತ್ತು. ಕೂಳೆಗದ್ದೆಯನ್ನು ಉತ್ತು, ಮರಳು ಮಿಶ್ರದ ಆ ಮಣ್ಣನ್ನು ಬಾಚಿ, ಪಟ್ಟೆ ಪಟ್ಟೆಯಾಗಿ ಮಡಿ ಮಾಡಿ, ಈರುಳ್ಳಿ ಸಸಿ ನೆಡುವ ಕಾಲ. ಬೆಳಗಿನ ಜಾವ ಘಟ್ಟದ ಕಡೆಯಿಂದ ತಣ್ಣನೆಯ ಗಾಳಿ, ಮಧ್ಯಾಹ್ನವಾಗುತ್ತಲೇ ಅದು ತಿರುಗಿ ಸಮುದ್ರದ ಕಡೆಯಿಂದ. ಇಷ್ಟು ಶಿಸ್ತಿನ ಗಾಳಿಯನ್ನು ನಾನು ಯಾವ ವಿಮಾನ ನಿಲ್ದಾಣದಲ್ಲೂ ಕಂಡಿಲ್ಲ. ನನಗೆ ಕೊಟ್ಟ ಕೆಲಸ ನೀರು ಹೊಯ್ಯುವುದು. ಗದ್ದೆಯ ಮೂಲೆಯ ಹೊಂಡಕ್ಕಿಳಿದು ಎರಡು ಕೊಡ ಮುಳುಗಿಸಿ, ಎರಡೂ ಕೈಯಲ್ಲಿ ಹಿಡಿದು, ಮಡಿಗಳ ನಡುವೆ ನಡೆಯುತ್ತ ಒಂದೊಂದೇ ಕೊಡ ಬಗ್ಗಿಸಿ ಸಸಿಗೆ ನೋವಾಗದ ಹಾಗೆ ಕೈಯಡ್ಡ ಹಿಡಿದು ಹೊಯ್ಯಬೇಕು. ಮೊದಲ ದಿನ ನಾನು ಎರಡು ಕೊಡದ ಭಾರವೂ ಸಮ ಇರಬೇಕೆಂದು ಇಣುಕಿ ಇಣುಕಿ ತುಂಬುತ್ತಿದ್ದೆ. ಪಕ್ಕದ ಗದ್ದೆಯ ನಾಗಕ್ಕ, ಆಯಿಯ ವಾರಿಗೆಯವಳು, ಸೊಂಟದ ಮೇಲೆ ಕೈಯಿಟ್ಟು ನೋಡುತ್ತ ನಿಂತಳು. ಅವಳಿಗೆ ನೋಡಿದ್ದನ್ನೆಲ್ಲ ಪದ ಕಟ್ಟುವ ಚಟ. ಮಾರನೆಯ ದಿನ ಕಳೆ ಕೀಳುತ್ತಿದ್ದ ಹೆಂಗಸರು ಎಳೆದು ಎಳೆದು ಹಾಡುತ್ತಿದ್ದರು: ಆಕಾಶದ ಮಗ ಬಂದ, ಕೊಡ ತೂಗಿ ನೀರು ತಂದ, ತೂಗೂದ್ರೊಳಗೆ ಸಸಿ ಬಾಡಿತು. ಎರಡನೆಯ ಸಾಲಿಗೆ ಎಲ್ಲರೂ ದನಿಗೂಡಿಸಿದರು.

ವಾರಕ್ಕೊಮ್ಮೆ ಹೊನ್ನಾವರದ ಡಾಕ್ಟರ ಹತ್ತಿರ ಹೋಗುತ್ತಿದ್ದೆ. ಬಸ್ಸಿನಲ್ಲಿ ಸಮಾಧಾನದಿಂದಲೇ ಕೂತಿರುತ್ತಿದ್ದೆ. ಆಸ್ಪತ್ರೆಯ ಬೋರ್ಡು ಕಂಡ ಕೂಡಲೇ ಎದೆ ಡಬಡಬ ಶುರು. ಡಾಕ್ಟರು ಹಿರಿಯರು, ಮಾತು ಕಡಿಮೆ. ಮೂರನೆಯ ವಾರ ಅವರು, ಇದು ನಿಮ್ಮ ಒತ್ತಡವೋ ನನ್ನ ಕುರ್ಚಿಯ ಒತ್ತಡವೋ ತಿಳಿಯುತ್ತಿಲ್ಲ, ಒಂದು ಯಂತ್ರ ತಗೊಂಡು ಮನೆಯಲ್ಲೇ ನೋಡಿ ಎಂದರು.

ಯಂತ್ರಕ್ಕೆ ಭಟ್ಕಳಕ್ಕೆ ಹೋದೆ. ಅಲ್ಲಿನ ಪೇಟೆಯಲ್ಲಿ ದುಬೈ ಸಾಮಾನು ಒಳ್ಳೆಯದು ಸಿಗುತ್ತದೆ ಎಂದು ಅಣ್ಣನ ನಂಬಿಕೆ. ಅತ್ತರು, ಬಾದಾಮಿ, ಕಂಬಳಿಗಳ ನಡುವೆ ಕೂತಿದ್ದ ಅಂಗಡಿಯವರು ಒಳಗಿದ್ದವರಿಗೆ ತಮ್ಮ ನವಾಯತಿ ಭಾಷೆಯಲ್ಲಿ ಏನೋ ಹೇಳಿ, ನನ್ನ ಕಡೆ ಕನ್ನಡಕ್ಕೆ ತಿರುಗಿದರು. ಇದು ಸರಿಯಾಗಿ ತೋರಿಸುತ್ತದೆಯೇ, ನೆಲಕ್ಕೆ ಬಿದ್ದರೆ ಒಡೆಯುತ್ತದೆಯೇ, ಬ್ಯಾಟರಿ ಮುಗಿಯುವಾಗ ತಪ್ಪು ತೋರಿಸುತ್ತದೆಯೇ, ತೋಳು ದಪ್ಪವಿದ್ದರೆ ಹೇಗೆ ಎಂದು ಕೇಳಿದೆ. ಅವರು ಎಲ್ಲದಕ್ಕೂ ತಾಳ್ಮೆಯಿಂದ ಉತ್ತರಿಸಿ ಕೊನೆಗೆ, “ಸಾಹೇಬ್ರೇ, ಯಂತ್ರ ಒಳ್ಳೇದೇ ಉಂಟು. ನೀವು ಇದಕ್ಕೆ ಇಷ್ಟು ಪ್ರಶ್ನೆ ಕೇಳ್ಬೇಡಿ, ಅದರದ್ದೂ ಬಿಪಿ ಹೆಚ್ಚಾಗ್ತದೆ,” ಎಂದರು.

ಮನೆಯಲ್ಲಿ ಆ ಯಂತ್ರ ನನ್ನದಾಗಿ ಉಳಿದದ್ದು ಒಂದು ದಿನ. ಆಯಿಗೆ ಅದರ ಹುಚ್ಚು ಹಿಡಿಯಿತು. ಅತ್ತಿಗೆಯದು ನೋಡಿದಳು, ಅಣ್ಣನದು ನೋಡಿದಳು, ಜಗಲಿಗೆ ಬಂದವರ ತೋಳನ್ನೆಲ್ಲ ಕಟ್ಟಿ ನೋಡಿದಳು. ನನ್ನದನ್ನು ಯಾವ್ಯಾವ ಹೊತ್ತಿನಲ್ಲಿ ನೋಡಿದರೆ ಎಷ್ಟು ಎಂದು ಅವಳದೇ ಒಂದು ಪರೀಕ್ಷೆ ಶುರುವಾಯಿತು. ಚಾ ಕುಡಿದ ಮೇಲೆ, ಅಣ್ಣನ ಜೊತೆ ವಾದ ಮಾಡಿದ ಮೇಲೆ, ನಿದ್ದೆ ಮಾಡಿ ಎದ್ದ ಮೇಲೆ. ಅವಳು ಕಂಡುಹಿಡಿದದ್ದನ್ನು ದೊಡ್ಡ ಡಾಕ್ಟರುಗಳೂ ಅಲ್ಲಗಳೆಯಲಾರರು: ನೀರು ಹೊಯ್ದು ಬಂದಾಗ ಕಡಿಮೆ, ಫೋನು ಬಂದಾಗ ಹೆಚ್ಚು, ಮಂಡಳಿಯ ಮಾತು ತೆಗೆದರೆ ಎಲ್ಲಕ್ಕಿಂತ ಹೆಚ್ಚು. ಹಾಗಾಗಿ ಅವಳು ಮಂಡಳಿಯ ಮಾತು ಬಿಟ್ಟು ಬೇರೆ ಪ್ರಶ್ನೆ ಹಿಡಿದಳು. ಒಂದು ಸಂಜೆ ಹೊಂಡದ ದಂಡೆಯ ಮೇಲೆ ಕಾಲು ತೊಳೆಯುತ್ತ ಕೂತಿದ್ದಾಗ ಕೇಳಿದಳು.

“ನಮ್ಮನೆ ಮ್ಯಾಲಿಂದ ಹೆಂಗೆ ಕಾಣ್ತದೋ ತಮಾ?”

“ಕಂಡಿಲ್ಲ ಆಯಿ.”

“ಇಷ್ಟು ವರ್ಷ ಮ್ಯಾಲೆ ಇದ್ದು ಎಂತಾ ಕಂಡೆ ಹಂಗಾರೆ?”

“ಪೆಟ್ಟಿಗೆ.”

“ಎಂತಾ ಪೆಟ್ಟಿಗೆ?”

“ಸಾಮಾನಿನ ಪೆಟ್ಟಿಗೆ. ಅದು ಅಲುಗಾಡ್ತದಾ ಇಲ್ವಾ ನೋಡೂದೇ ನನ್ನ ಕೆಲ್ಸ.”

ಆಯಿ ಸೀರೆಯ ಅಂಚು ಹಿಂಡಿದಳು. “ಪೆಟ್ಟಿಗೆ ನೋಡೂಕೆ ಅಷ್ಟು ಮ್ಯಾಲೆ ಹೋಗ್ಬೇಕಾ? ಅಟ್ಟದ ಮ್ಯಾಲೂ ಅದೆ ಪೆಟ್ಟಿಗೆ.”

ನಗು ಬಂದರೂ, ಅವಳು ಹೇಳಿದ್ದು ನಿಜ. ಸಾಮಾನಿನ ವಿಮಾನದ ಹೊಟ್ಟೆಗೆ ಕಿಟಕಿಗಳು ಕಡಿಮೆ. ಇರುವವೂ ತಟ್ಟೆಯಷ್ಟೇ ಅಗಲ, ಇಣುಕಿದರೆ ರೆಕ್ಕೆಯೇ ಅಡ್ಡ. ನಾನು ನೆಲ ಕಂಡದ್ದೆಲ್ಲ ಹಿಂಬದಿಯ ಬಾಗಿಲಿನಿಂದ. ಬಾಲದ ಕೆಳಗೆ ಒಂದು ದೊಡ್ಡ ಹಲಗೆಬಾಗಿಲು ಇರುತ್ತದೆ. ಆಕಾಶದಲ್ಲೇ ಅದನ್ನು ತೆರೆದು ಸಾಮಾನನ್ನು ಪ್ಯಾರಾಚೂಟಿನೊಡನೆ ಕೆಳಗೆ ಬಿಡುತ್ತೇವೆ. ಆಗ, ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಅಂಚಿನಲ್ಲಿ ನಿಂತವನಿಗೆ ಕಾಣುವುದು ದಾಟಿ ಬಂದ ನೆಲ. ಪೈಲಟ್ ಬರುತ್ತಿರುವುದನ್ನು ನೋಡುತ್ತಾನೆ, ನಾನು ಹೋಗುತ್ತಿರುವುದನ್ನು. ನಮ್ಮ ಕರಾವಳಿಯ ಮೇಲೆ ಎಷ್ಟೋ ಸಲ ಹಾರಿದ್ದಿರಬೇಕು. ಬಾಗಿಲು ಮುಚ್ಚಿತ್ತು, ಎತ್ತರ ಬಹಳವಿತ್ತು, ನಾನು ಸರಪಳಿ ನೋಡುತ್ತಿದ್ದೆ.

ಬಿಡುವುದು ಎಲ್ಲಿಗೆ ಎಂದು ಹೇಗೆ ತಿಳಿಯುತ್ತದೆ ಎಂದು ಅವಳು ಕೇಳಿದಳು. ಹಿಮದ ಬೆಟ್ಟಗಳ ಠಾಣೆಗಳಲ್ಲಿ ಸೈನಿಕರು ಬಣ್ಣದ ಬಟ್ಟೆಯನ್ನು ಇಂಗ್ಲಿಷಿನ ಟಿ ಅಕ್ಷರದ ಹಾಗೆ ನೆಲದ ಮೇಲೆ ಹಾಸಿರುತ್ತಾರೆ, ಮೇಲಿನಿಂದ ಅದು ಕಂಡರೆ ಮಾತ್ರ ಬಿಡುತ್ತೇವೆ ಎಂದು ವಿವರಿಸಿದೆ. ಆಯಿಗೆ ಅಕ್ಷರ ಗೊತ್ತಿಲ್ಲ. ಒದ್ದೆ ಮಣ್ಣಿನ ಮೇಲೆ ಬೆರಳಿನಿಂದ ಗೀಚಿ ತೋರಿಸಿದೆ. ಮೇಲೊಂದು ಅಡ್ಡಗೆರೆ, ನಡುವಿನಿಂದ ಕೆಳಕ್ಕೆ ಒಂದು ಕಾಲು.

“ಗುರುತು ಕಾಣ್ದಿದ್ರೆ?”

“ತಿರುಗಿ ಬರೂದು.”

“ಮತ್ತೆ! ನಮ್ಮ ಗದ್ದೆ ಮ್ಯಾಲೆ ಗುರುತೇ ಇಲ್ಲ. ನಿಂಗೆ ಹೆಂಗೆ ಕಾಣ್ಬೇಕು?”

ನಾನು ಎತ್ತರ, ವೇಗ, ಬಾಗಿಲು ಎಂದೆಲ್ಲ ಹೇಳಲು ಹೋದೆ. ಅವಳು ಆಗಲೇ ಎದ್ದು, ಗದ್ದೆಯನ್ನು ಆ ತುದಿಯಿಂದ ಈ ತುದಿಗೆ ಕಣ್ಣಿನಲ್ಲಿ ಅಳೆಯುತ್ತಿದ್ದಳು. ಬಟ್ಟೆ ಹಾಸಿದರೆ ಗಾಳಿಗೆ ಹಾರಿಹೋಗುತ್ತದೆ, ದನ ತುಳಿಯುತ್ತದೆ, ದಿನಾ ಯಾರು ಹಾಸುತ್ತಾರೆ ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ಮರುದಿನ ಬೆಳಿಗ್ಗೆ ಅತ್ತಿಗೆಯಿಂದ ಕೆಂಪು ಹರಿವೆಯ ಬೀಜದ ಡಬ್ಬಿ ಇಳಿಸಿಕೊಂಡಳು.

ಹಸಿರು ಈರುಳ್ಳಿಯ ಗದ್ದೆಯ ನಡುವೆ ಕೆಂಪು ಹರಿವೆಯ ಟಿ. ನನಗೆ ಕೂಡಲೇ ಹತ್ತು ಚಿಂತೆ ಹುಟ್ಟಿದವು. ಇದು ಸೈನ್ಯದ ಗುರುತು, ಮನೆಯ ಗದ್ದೆಯಲ್ಲಿ ಬಿತ್ತಬಹುದೋ ಬಾರದೋ. ಬೇರೆ ಯಾವುದೋ ವಿಮಾನದವರು ನೋಡಿ ನಿಜವೆಂದು ಒಂದು ಜೀಪನ್ನೇ ಬಿಟ್ಟರೆ? ಅಣ್ಣ ಹೇಳಿದ, ಜೀಪು ಬಿದ್ದರೆ ಇಟ್ಟುಕೊಳ್ಳುವ, ನಮ್ಮ ಗಾಡಿ ಹಳತಾಯ್ತು. ಅವನಿಗೆ ಸಿಟ್ಟಿದ್ದದ್ದು ಬೇರೆಯ ಕಾರಣಕ್ಕೆ: ಗದ್ದೆಯ ಒಳ್ಳೆಯ ಮಣ್ಣೆಲ್ಲ ಗುರುತಿಗೆ ಹೋಗಿ ಈರುಳ್ಳಿಯ ಸಾಲು ಅಡ್ಡಾದಿಡ್ಡಿಯಾಗುತ್ತದೆ. ಆದರೆ ಆಯಿ ಹೂಂ ಅಂದ ಮೇಲೆ ನಮ್ಮ ಮನೆಯಲ್ಲಿ ಬೇರೆ ಹೂಂ ಇಲ್ಲ.

ಇಷ್ಟೆಲ್ಲ ಬೇಡವೆಂದವನು ನಾನೇ ಕೊನೆಗೆ ಹಗ್ಗ ಹಿಡಿದು ಗದ್ದೆಗಿಳಿದೆ. ಸೊಟ್ಟ ಟಿಯನ್ನು ನೋಡಿಕೊಂಡು ಬದುಕುವುದು ನನ್ನಂಥವನಿಗೆ ಸಾಧ್ಯವಿಲ್ಲ. ಅಡ್ಡಗೆರೆ ಹೊಂಡದ ಬದಿಯಿಂದ ನಾಗಕ್ಕನ ಬೇಲಿಯವರೆಗೆ, ಕಾಲು ಅದರ ನಡುವಿನಿಂದ ತೆಂಗಿನ ಬುಡದವರೆಗೆ. ಗೂಟ ಹೊಡೆದು ಹಗ್ಗ ಕಟ್ಟಿ, ದೂರ ಹೋಗಿ ಒಂದು ಕಣ್ಣು ಮುಚ್ಚಿ ನೋಡಿ, ಗೂಟ ಕಿತ್ತು ಮತ್ತೆ ಹೊಡೆದೆ. ಬೀಜಕ್ಕೂ ಪೆರೇಡ್ ಮಾಡಿಸುತ್ತಾನೆ ಎಂದು ಅಣ್ಣ ಬೇಲಿಯಾಚೆಯವರಿಗೆ ವರದಿ ಕೊಡುತ್ತಿದ್ದ. ಹರಿವೆಯ ಬೀಜ ಸಾಸಿವೆಗಿಂತ ಸಣ್ಣದು. ಇರುವೆ ಒಯ್ಯದ ಹಾಗೆ, ಒಂದೇ ಕಡೆ ಬೀಳದ ಹಾಗೆ ಬೂದಿ ಬೆರೆಸಿ ಚೆಲ್ಲಬೇಕು. ಘಟ್ಟದ ಗಾಳಿ ನಿಂತು ಸಮುದ್ರದ ಗಾಳಿ ಇನ್ನೂ ಶುರುವಾಗದ ನಡುವಿನ ಹೊತ್ತಿನಲ್ಲಿ ಆಯಿ ಚೆಲ್ಲಿದಳು. ಅವಳ ಕೈಯಿಂದ ಬೂದಿ ಬೀಳುತ್ತಿದ್ದ ಅಂದವನ್ನು ನೋಡಿ ನನಗೆ, ಬಾಗಿಲಿನಿಂದ ಸಾಲಾಗಿ ಇಳಿಯುವ ಪ್ಯಾರಾಚೂಟುಗಳು ನೆನಪಾದವು. ಅದನ್ನು ಹೇಳಿದೆ. ಅವು ಮೊಳೆಯುತ್ತವೆಯೇ ಎಂದು ಕೇಳಿದಳು.

ನಾಗಕ್ಕನ ಬಾಯಲ್ಲಿ ಸುದ್ದಿ ಎರಡೇ ದಿನದಲ್ಲಿ ಬದಲಾಗಿತ್ತು. ಟಿ ಇದ್ದಲ್ಲಿ ವಿಮಾನದವರು ಸಾಮಾನು ಬಿಡುತ್ತಾರಂತೆ. ಅಕ್ಕಿಯೋ ಎಣ್ಣೆಯೋ ಎಂದು ಒಬ್ಬರು ಬಂದು ಕೇಳಿದರು. ನಾಗಕ್ಕ ತನ್ನ ಗದ್ದೆಯಲ್ಲೂ ಮೂಲಂಗಿಯಲ್ಲಿ ಒಂದು ಟಿ ಹಾಕಿದರೆ ಹೇಗೆ, ಬಿಡುವಾಗ ಇಬ್ಬರಿಗೂ ಅರ್ಧ ಅರ್ಧ ಮಾಡಬಹುದಲ್ಲ ಎಂದಳು. ಎರಡು ಟಿ ಆದರೆ ನಮ್ಮದು ಯಾವುದೆಂದು ಹೇಗೆ ತಿಳಿಯುವುದು ಎಂಬ ಹೊಸ ಚಿಂತೆ ನನಗೆ. ಆಯಿ ನಾಗಕ್ಕನಿಗೆ, ಬಿಡೂದು ಕಬ್ಬಿಣದ ಪೆಟ್ಟಿಗೆ, ಮೂಲಂಗಿ ಮೇಲೆ ಬಿದ್ದರೆ ಮೂಲಂಗಿಯೇ ಪಾತಾಳಕ್ಕೆ ಇಳಿಯುತ್ತದೆ ಎಂದು ಹೆದರಿಸಿ ಆ ಮಾತನ್ನು ಅಲ್ಲಿಗೇ ಮುಗಿಸಿದಳು.

ಮೊಳಕೆ ಬಂದ ದಿನ ಮೊಣಕಾಲೂರಿ ನೋಡಿದೆ. ಕೆಂಪು ದಾರ ಎಳೆದಿಟ್ಟ ಹಾಗೆ. ಆಮೇಲೆ ನೀರು ಹೊಯ್ಯುವಾಗ ಕೊಡ ತೂಗುವುದನ್ನು ಮರೆತೆ. ಎರಡು ಕೊಡ, ಅಂಗೈ ಅಡ್ಡ, ನೀರು ಜಾರಿ ಬೇರಿಗೆ ಇಳಿಯುವ ಸದ್ದು, ಮತ್ತೆ ಹೊಂಡ. ಅಷ್ಟು ಹೊತ್ತು ಏನು ಯೋಚಿಸಿದೆ ಎಂದು ಕೇಳಿದರೆ ಹೇಳಲು ಏನೂ ಇರುತ್ತಿರಲಿಲ್ಲ. ನನ್ನ ಮಟ್ಟಿಗೆ ಅದೊಂದು ಹೊಸ ಅನುಭವ.

ಆದರೆ ಒಂದು ತೊಡಕು ಉಳಿದಿತ್ತು. ಮಂಡಳಿ ನನ್ನನ್ನು ಹಾರಲು ಬಿಟ್ಟರೂ, ವಿಮಾನ ಈ ಕಡೆ ಬಂದರೂ, ಬಾಗಿಲು ತೆರೆದಿದ್ದರೂ, ಯಾವಾಗ ಎಂದು ಮನೆಯವರಿಗೆ ನಾನು ಹೇಳುವ ಹಾಗಿಲ್ಲ. ಹರಿವೆಯೋ ಒಂದೂವರೆ ತಿಂಗಳಲ್ಲಿ ಬಲಿತು ಮುಗಿಯುವ ಸೊಪ್ಪು. ಹೊರಡುವ ಹಿಂದಿನ ದಿನ ಆಯಿಗೆ ಇದನ್ನು ಹೇಳಿದೆ.

“ನೀ ಯಾವಾಗ ಬರ್ತೆ ಹೇಳೂದು ಬೇಡ,” ಎಂದಳು. “ಒಂದು ಕಡೆ ಬಲಿತ ಹಾಂಗೆ ಕಿತ್ತು, ಅಲ್ಲೇ ಮತ್ತೆ ಬಿತ್ತಿದ್ರಾತು. ಗುರುತು ಇರ್ತದೆ. ನೀ ನೋಡು, ಆತಾ?”

“ನನ್ನ ಪಾಸ್ ಮಾಡ್ದಿದ್ರೆ?”

“ಆಗ ಇಲ್ಲೇ ಕೂತು ನೋಡು. ಗದ್ದೆಯಿಂದ್ಲೂ ಕಾಣ್ತದೆ.”

ಮಂಡಳಿಯ ಮುಂದೆ ನನ್ನ ತೋಳಿಗೆ ಪಟ್ಟಿ ಸುತ್ತಿದಾಗ ಎದುರಿಗೆ ಮೂವರು ಕೂತಿದ್ದರು. ಗಾಳಿ ತುಂಬತೊಡಗಿತು. ನಾನು ಕಣ್ಣು ಮುಚ್ಚಿ ಹೊಂಡಕ್ಕಿಳಿದೆ. ಕೊಡ ಮುಳುಗಿಸಿದೆ. ಅಡ್ಡಗೆರೆಯ ಹೊಂಡದ ಬದಿಯ ತುದಿಯಿಂದ ಶುರುಮಾಡಿ ನಾಗಕ್ಕನ ಬೇಲಿಯವರೆಗೆ ಹೊಯ್ದೆ, ತಿರುಗಿ ನಡುವಿಗೆ ಬಂದು ಕಾಲಿಗೆ ಹೊಯ್ಯತೊಡಗಿದೆ. ತೆಂಗಿನ ಬುಡ ಮುಟ್ಟುವ ಮೊದಲೇ ಯಾರೋ ತೋಳು ತಟ್ಟಿದರು. ಇನ್ನೊಮ್ಮೆ ನೋಡಿದರು. ಎರಡನೆಯದು ಮೊದಲನೆಯದಕ್ಕಿಂತ ಕಡಿಮೆ. ನಿದ್ದೆ ಹೋಗಿದ್ದಿರಾ ಎಂದು ಒಬ್ಬರು ಕೇಳಿದರು. ಇಲ್ಲ, ಗದ್ದೆಗೆ ಹೋಗಿದ್ದೆ ಎನ್ನಲು ಹೊರಟು ಬಾಯಿ ಮುಚ್ಚಿಕೊಂಡೆ. ಅದಕ್ಕೆ ಬೇರೆ ಡಾಕ್ಟರ ಹತ್ತಿರ ಕಳಿಸಿಯಾರು ಎಂಬ ಭಯ. ಹಾರಬಹುದು ಎಂದು ಬರೆದುಕೊಟ್ಟರು.

ಅದಾದ ಕೆಲವು ವಾರಗಳಿಗೆ ಆ ಹಾರಾಟ ಬಂತು. ಸಮುದ್ರದಲ್ಲಿ ಸಿಕ್ಕಿಕೊಂಡವರಿಗೆ ರಬ್ಬರಿನ ತೆಪ್ಪ ಬಿಡುವ ಅಭ್ಯಾಸ. ಒಂದು ತೆಪ್ಪವನ್ನು ದಕ್ಷಿಣದಲ್ಲಿ ಬಿಟ್ಟು, ತೀರದ ಗುಂಟ ತಗ್ಗಿನಲ್ಲಿ ಉತ್ತರಕ್ಕೆ ಹಾರಿ ಇನ್ನೊಂದನ್ನು ಬಿಡುವುದು. ನಡುವೆ ಬಾಗಿಲು ಮುಚ್ಚುವ ಪ್ರಮೇಯವಿರಲಿಲ್ಲ. ನಕ್ಷೆಯ ಮೇಲೆ ಆ ಗೆರೆಯ ಗುಂಟ ಎರಡು ಸಲ ಬೆರಳು ಎಳೆದು ನೋಡಿದೆ. ಆ ದಿನದ ಕ್ಯಾಪ್ಟನ್ ಒಬ್ಬ ಪಂಜಾಬಿ, ನನಗಿಂತ ಬಹಳ ಚಿಕ್ಕವನು. ರಜೆಯಿಂದ ಬಂದಾಗಲೆಲ್ಲ ನಾನು ಹೆಣೆದ ಈರುಳ್ಳಿ ಗೊಂಚಲು ತರುತ್ತಿದ್ದುದರಿಂದ ನನ್ನನ್ನು ಪ್ಯಾಜ್ ದಾದಾ ಎಂದೇ ಕರೆಯುತ್ತಿದ್ದ. ದಾದಾ, ಈ ಗೆರೆ ನಿಮ್ಮ ಈರುಳ್ಳಿಯ ಊರಿನ ಮೇಲೇ ಹೋಗುತ್ತದಲ್ಲವೇ ಎಂದು ಹಿಂದಿಯಲ್ಲಿ ಕೇಳಿದ. ಹೋಗುತ್ತದೆ ಅನಿಸುತ್ತದೆ ಎಂದೆ. ಇಷ್ಟು ಹೇಳಿದ್ದಕ್ಕೆ ಆ ರಾತ್ರಿ ನಿದ್ದೆ ಬರಲಿಲ್ಲ. ದಾರಿ ಬದಲಿಸಿಬಿಟ್ಟರೆ ಎಂಬ ಯೋಚನೆ. ಇತ್ತ ಮಗಳ ಶಾಲೆಗೆ ರಜೆ ಬಂದು ಸುಮಾ ಅವಳನ್ನು ಕರೆದುಕೊಂಡು ಹಿಂದಿನ ದಿನವಷ್ಟೇ ಹೊಳನಗದ್ದೆಗೆ ಹೋಗಿದ್ದಳು. ಅವಳಿಗೂ ನಾನು ಏನೂ ಹೇಳಿರಲಿಲ್ಲ.

ಬೆಳಿಗ್ಗೆ ಮಂಜಿರಲಿಲ್ಲ. ನಾಲ್ಕೂ ಎಂಜಿನ್ ಒಂದೇ ಮಾತಿಗೆ ಹೊರಟವು. ಮೊದಲ ತೆಪ್ಪ ಸಲೀಸಾಗಿ ಇಳಿಯಿತು. ಎರಡನೆಯದರ ಸರಪಳಿಯನ್ನು ಮೂರು ಸಲ ಎಳೆದು ನೋಡಿ, ದೂರದ ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡು, ಸೊಂಟದ ಪಟ್ಟಿ ಬಿಗಿದು ಬಾಗಿಲಂಚಿಗೆ ಹೋದೆ. ನನ್ನ ಮುಖ ಹಿಂದಕ್ಕಿರುವುದರಿಂದ ಎಡ ಬಲ ಅದಲುಬದಲು. ನೆಲ ನನ್ನ ಎಡಗೈಗೆ ಎಂದು ಬೆಳಗಿನಿಂದ ಬಾಯಿಪಾಠ ಮಾಡಿದ್ದೆ.

ಆ ತೆರೆದ ಚೌಕದೊಳಗೆ ನನ್ನ ಜಿಲ್ಲೆ ಹಿಂದಕ್ಕೆ ಹರಿಯತೊಡಗಿತು. ನೇತ್ರಾಣಿಯ ಗುಡ್ಡ ನೀರಿನ ಮೇಲೆ ಕೂತ ಆಮೆಯ ಹಾಗೆ ಸಣ್ಣದಾಗುತ್ತ ಹೋಯಿತು. ನನಗೆ ಯಂತ್ರ ಮಾರಿದ ಭಟ್ಕಳದ ಅಂಗಡಿ ಆ ಬೂದು ತಾರಸಿಗಳ ಗುಂಪಿನಲ್ಲಿ ಎಲ್ಲೋ ಒಂದು ಕಡೆ. ಮುರ್ಡೇಶ್ವರದ ಗೋಪುರ ಬಂದು ಹೋಯಿತು. ಆಮೇಲೆ ಗಾಳಿಮರದ ತೋಪುಗಳ ಕಪ್ಪು ಪಟ್ಟಿ, ಅದು ಮುಗಿಯುತ್ತಲೇ ಕಾಲ ಕೆಳಗೆ ಶರಾವತಿ, ನಾನು ಬಸ್ಸಿನಲ್ಲಿ ಕೂತು ಎಷ್ಟೋ ಸಲ ದಾಟಿದ ಸೇತುವೆ ಕಡ್ಡಿಯಷ್ಟು. ಹೊಳೆ ಸಮುದ್ರಕ್ಕೆ ಸೇರುವಲ್ಲಿ ನೀರು ಎರಡು ಬಣ್ಣ. ಅಲ್ಲಿಯೇ ಹುಟ್ಟಿ ಬೆಳೆದೂ ನನಗಿದು ಗೊತ್ತಿರಲಿಲ್ಲ. ಹೊನ್ನಾವರದ ಡಾಕ್ಟರ ಬೋರ್ಡನ್ನು ಈಗ ನೋಡಿದರೆ ಎದೆ ಹೊಡೆದುಕೊಳ್ಳುತ್ತಿರಲಿಲ್ಲ ಅನಿಸಿತು. ಕಿವಿಯಲ್ಲಿ ಕ್ಯಾಪ್ಟನ್‌ನ ದನಿ ಬಂತು: ದಾದಾ, ಈರುಳ್ಳಿ ಊರು, ಈಗ.

ತೆಂಗಿನ ಸಾಲು. ಅದರ ಹಿಂದೆ ಹಂಚಿನ ಮಾಡುಗಳು, ಶಾಲೆಯ ಬಯಲು. ನಾನು ನೋಡುತ್ತಿದ್ದದ್ದು ನಮ್ಮೂರೇ ಎಂದು ಗೊತ್ತಾದದ್ದು ಹೊಂಡದಿಂದ. ಸೂರ್ಯ ಅದರಲ್ಲಿ ಒಮ್ಮೆ ಮಿನುಗಿದ. ಅದರ ಪಕ್ಕದಲ್ಲಿ ಹಸಿರು ಗದ್ದೆ, ಗದ್ದೆಯ ನಡುವೆ ಕೆಂಪು. ಬಹಳ ಕೆಂಪು, ನಾನು ಎಣಿಸಿದ್ದಕ್ಕಿಂತ ಎಷ್ಟೋ ಹೆಚ್ಚು. ಆದರೆ ಅದು ಟಿ ಆಗಿರಲಿಲ್ಲ. ಹೊಂಡದ ಬದಿಯಿಂದ ಬೇಲಿಯವರೆಗೆ ಒಂದೇ ಒಂದು ಅಡ್ಡಗೆರೆ. ಅದರ ಕೆಳಗೆ ಕಾಲಿರಬೇಕಾದಲ್ಲಿ ಬರಿಯ ಮಣ್ಣಿನ ಪಟ್ಟಿ. ಬದುವಿನ ಮೇಲೆ ಮೂರೋ ನಾಲ್ಕೋ ಜನ ನಿಂತಿದ್ದರು, ಒಬ್ಬರು ಹಣೆಗೆ ಕೈಯಡ್ಡ ಹಿಡಿದ ಹಾಗಿತ್ತು. ಮರುಗಳಿಗೆಗೆ ಅವರು ಅಕ್ಕಿಕಾಳಿನಷ್ಟಾದರು, ಗೆರೆ ದಾರದಷ್ಟಾಯಿತು. ಅಘನಾಶಿನಿಯ ಅಳಿವೆ ಅಡ್ಡ ಬಂತು, ತದಡಿಯ ದೋಣಿಗಳು ಬಂದವು. ನಾನಿನ್ನೂ ಆ ಕೆಂಪು ದಾರ ಇದ್ದ ಕಡೆಯೇ ನೋಡುತ್ತಿದ್ದೆ. ಕಂಡಿತಾ ಎಂದು ಕ್ಯಾಪ್ಟನ್ ಕೇಳಿದ. ಕಂಡಿತು ಎಂದೆ. ಎರಡನೆಯ ತೆಪ್ಪವನ್ನು ಬಿಡಬೇಕಾದಲ್ಲೇ ಬಿಟ್ಟೆವು.

ಇಳಿದ ಮೇಲೆ ಇಡೀ ಮಧ್ಯಾಹ್ನ ಆ ಕಾಲು ಎಲ್ಲಿಗೆ ಹೋಯಿತು ಎಂಬುದೇ ಚಿಂತೆ. ದನ ನುಗ್ಗಿತೇ? ಹುಳ ಬಿತ್ತೇ? ಆಯಿಗೆ ಮೈಯಲ್ಲಿ ಹುಷಾರಿಲ್ಲದೆ ಮತ್ತೆ ಬಿತ್ತಲಾಗಲಿಲ್ಲವೇ, ನನಗೆ ಹೇಳದೆ ಮುಚ್ಚಿಟ್ಟಿದ್ದಾರೆಯೇ? ಸಂಜೆ ಫೋನು ಮಾಡಿದಾಗ ಸುಮಾ ತೆಗೆದಳು, ಊಟ ಭಾರಿಯಾಯಿತು, ಹೊಟ್ಟೆ ಬಿರಿಯುತ್ತಿದೆ ಎಂದಳು. ಆಯಿ ಅವಳ ಕೈಯಿಂದ ಕಸಿದುಕೊಂಡಳು.

“ತಮಾ, ಬೆಳಿಗ್ಗೆ ಒಂದು ದೊಡ್ಡ ವಿಮಾನ ಹೋತು. ತಗ್ಗಿನಲ್ಲೇ. ನಾವೆಲ್ಲ ಓಡಿ ಹೋಗಿ ಬದುವಿನ ಮ್ಯಾಲೆ ನಿಂತ್ಕಂಡ್ವು. ನಾಗಕ್ಕ ಎಂತಾದ್ರೂ ಬೀಳ್ತದೆ ಹೇಳಿ ಬುಟ್ಟಿ ತಂದಿತ್ತು.” ಆಮೇಲೆ ದನಿ ತಗ್ಗಿಸಿದಳು, “ನಿಂದಲ್ಲ ಅಲ್ದಾ? ನಿಂದು ಆಗೂದು ಬೇಡ ಹೇಳಿ ನಾ ದೇವ್ರ ಹತ್ರ ಕೇಳ್ಕಂಡೆ.”

“ಎಂತಕ್ಕೆ ಆಯಿ?”

“ಇವತ್ತೊಂದು ದಿನ ಗುರುತಿಗೆ ಕಾಲಿರ್ಲಿಲ್ಲ.”

ನಾನು ಯಾವ ವಿಮಾನದಲ್ಲಿದ್ದೆ, ಎಲ್ಲಿಗೆ ಹೋಗಿದ್ದೆ ಎಂದು ಹೇಳುವ ಹಾಗಿರಲಿಲ್ಲ. ಹೇಳಲಿಲ್ಲ. ಅಡ್ಡಗೆರೆ ಒಳ್ಳೆ ಕೆಂಪಾಗಿ ಬಂದಿದೆ ಆಯಿ ಎಂದೆ.

ಆ ಕಡೆ ಕೊಟ್ಟಿಗೆಯಲ್ಲಿ ಕರು ಕೂಗಿದ್ದು ಕೇಳಿತು. ಆಮೇಲೆ ಅವಳು, “ಆತು,” ಎಂದಳು. “ಆತು ತಮಾ.” ಅಷ್ಟೇ ಹೇಳಿ ಫೋನನ್ನು ಸುಮಾಗೆ ಕೊಟ್ಟು ಎದ್ದುಹೋದಳು.

ಏನಾಯಿತು, ಆಯಿ ಯಾಕೆ ಹಾಗೆ ಕಣ್ಣೊರೆಸಿಕೊಂಡು ಹೋದರು ಎಂದು ಸುಮಾ ಗಾಬರಿಯಾದಳು. ಏನಿಲ್ಲ, ಮಧ್ಯಾಹ್ನ ಊಟಕ್ಕೆ ಏನಿತ್ತು ಎಂದು ಕೇಳಿದೆ. ಅಡುಗೆಗೆಂದು ಬೇರೆ ಬೆಳೆದ ಸೊಪ್ಪನ್ನು ಭಾವ ಮೊನ್ನೆಯೇ ಕುಮಟೆಯ ಸಂತೆಗೆ ಒಯ್ದಿದ್ದರಂತೆ, ಸೊಸೆ ಅಷ್ಟು ದೂರದಿಂದ ಬಂದವಳು ಎಂದು ಅತ್ತೆ ಬೆಳಿಗ್ಗೆ ಎದ್ದವರೇ ಗದ್ದೆಯ ನಡುವಿನ ಉದ್ದ ಸಾಲನ್ನು ಪೂರಾ ಕಿತ್ತು ತಂದರು ಎಂದಳು. ಕೆಂಪು ಹರಿವೆಯ ದಂಟಿಗೆ ಒಣ ಸಿಗಡಿ ಹಾಕಿದ ಸಾರು. ಮಗಳು ಎರಡು ಸಲ ಹಾಕಿಸಿಕೊಂಡಳಂತೆ.